ಮೊದ್ಲು ಬೀಳೋದು ಕಲೀಬೇಕು: ಓದುಗರ ಪ್ರಶ್ನೆ, ಪೈಲ್ವಾನರ ಉತ್ತರ

ಪ್ರಶ್ನೆ: ನಂಗ 19 ವರ್ಷ, ಗರಡಿಯಾಗ ನಾಲ್ಕು ವರ್ಷದಿಂದ ಕುಸ್ತಿ ಆಡ್ತೀನಿ, ಎತ್ತರ 5 ಅಡಿ 8 ಇಂಚು. ಟಿವಿಯಾಗ ಬರೋ ಅಮೆರಿಕಾದ ಪ್ರೊ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇ ಸೇರ್ಬೇಕಂತ ಭಾಳ ಆಸೆ ಐತ್ರಿ, ಆದ್ರ ದೋಸ್ತರು ಖಲಿ ಗತೆ 7 ಅಡಿ ಇದ್ರಷ್ಟ ತಗೋತಾರ ಅಂತ ನಗ್ತಾರ. ಹೊಸಬರನ್ನ ಅಲ್ಲಿ ಹೆಂಗ ತಯಾರ ಮಾಡ್ತಾರ, ನಾ ಏನ್ ಮಾಡ್ಲಿ?
– ಗಂಗಾವತಿಯ ಓದುಗ

ಉತ್ತರ: ತಮ್ಮಾ, ಎತ್ತರದ ಚಿಂತಿ ಮೊದ್ಲು ಬಿಡು. ಅಲ್ಲಿಯ ಕುಸ್ತಿಯಾಳು ರೇ ಮಿಸ್ಟೀರಿಯೋ 5 ಅಡಿ 6 ಇಂಚಿನ ಮನಷ್ಯಾ, 2006ರಾಗ ವರ್ಲ್ಡ್ ಹೆವಿವೇಯ್ಟ್ ಚಾಂಪಿಯನ್ ಆದ. ಖಲಿ ಅಂದ್ರ ನಮ್ ದಲೀಪ್ ಸಿಂಗ್ ರಾಣಾ ಕೂಡ ಬರೇ ಎತ್ತರದ ಮ್ಯಾಲೆ ಹೋದಾಂವಲ್ಲ, ಪಂಜಾಬ್ ಪೊಲೀಸ್‌ನಾಗ ಇದ್ದಾಂವ ಕ್ಯಾಲಿಫೋರ್ನಿಯಾಕ್ಕ ಹೋಗಿ ಮೊದ್ಲಿಂದ ಕಲ್ತು ಆಮ್ಯಾಲೆ 2006ಕ್ಕ ಟಿವಿಯಾಗ ಬಂದ.

ನಿಂಗ ಕಷ್ಟ ಆಗೋದು ಬ್ಯಾರೆ ಕಡೆ. ನಾಲ್ಕು ವರ್ಷ ನಿಮ್ ಉಸ್ತಾದ್ರು ಒಂದ ಮಾತು ಹೇಳ್ಯಾರ, ಬೆನ್ನು ಮಣ್ಣಿಗೆ ಹತ್ತಬಾರದು, ಹತ್ತಿದ್ರ ಚಿತ್. ಅಲ್ಲಿ ಶುರುವಿಗೇನ ಬೆನ್ನ ಮ್ಯಾಲೆ ಬೀಳೋದು ಕಲಿಸ್ತಾರ, ಅದಕ್ಕ ಬಂಪ್ ಅಂತಾರ. ಗದ್ದ ಎದಿಗೆ ಒತ್ತಿ ಹಿಡೀಬೇಕು, ಇಲ್ಲಾಂದ್ರ ಹಿಂದಲೆ ಬಡೀತೈತಿ, ಬೀಳುವಾಗ ಉಸಿರು ಹೊರಗ ಬಿಡ್ಬೇಕು, ಎರಡೂ ಕೈ ಚಾಚಿ ಒಂದ ಏಟಿಗೆ ನೆಲಕ್ಕ ಹೊಡೀಬೇಕು, ಹಂಗಾದ್ರ ಪೆಟ್ಟು ಒಂದ ಕಡೆ ನಿಲ್ದಂಗ ಮೈತುಂಬ ಹಂಚಿ ಹೋಗ್ತೈತಿ. ರಿಂಗ್ ಅಂದ್ರ ಹಾಸಿಗಿ ಅನ್ಕೋಬ್ಯಾಡ, ಕಬ್ಬಿಣದ ಚೌಕಟ್ಟು, ಅದರ ಮ್ಯಾಲೆ ಹಲಗಿ, ತೆಳ್ಳನ ಫೋಮು, ಕ್ಯಾನ್ವಾಸು, ಅಷ್ಟ. ಎಣ್ಣಿ ಮಜ್ಜಿಗಿ ಹಾಕಿ ಅಗದು ಹದ ಮಾಡಿದ ನಮ್ ಗರಡಿ ಮಣ್ಣ ಮೆತ್ತಗ ಅನಿಸ್ತೈತಿ. ಗೆಲ್ಲೋರು ಯಾರು ಅನ್ನೋದು ಮೊದ್ಲ ಗೊತ್ತಿರ್ತೈತಿ, ಖರೆ, ಆದ್ರ ಬೀಳೋದು ಖರೇನ ಬೀಳ್ಬೇಕು. ಮತ್ತ ನೀ ಮ್ಯಾಲೆತ್ತಿದಾಂವ ನಿನ್ನ ನಂಬಿ ಮೈ ಬಿಟ್ಟಿರ್ತಾನ, ಅವನ ಕುತ್ತಿಗಿ ನಿನ್ ಕೈಯಾಗ. ಕೆಡವಿದಂಗ ಕಾಣ್ಬೇಕು, ಅವ ನಾಳೆ ಮತ್ತ ಎದ್ದು ಬರ್ಬೇಕು. ಇದನ್ನ ಕಲಿಯಾಕ ವರ್ಷಗಟ್ಲೆ ಬೇಕು.

ಅದಕ್ಕ ಆ ಕಂಪನಿ 2013ರಾಗ ಫ್ಲೋರಿಡಾದ ಒರ್ಲ್ಯಾಂಡೋದಾಗ ಪರ್ಫಾರ್ಮೆನ್ಸ್ ಸೆಂಟರ್ ತಗೀತು, ಒಳಗ ಏಳು ರಿಂಗ್. ಅದಕ್ಕೂ ಮೊದ್ಲು ಜಾನ್ ಸೀನಾ, ಬ್ರಾಕ್ ಲೆಸ್ನರ್, ಬಟಿಸ್ಟಾ, ರಾಂಡಿ ಆರ್ಟನ್ ನಾಕೂ ಮಂದಿ ಕೆಂಟಕಿಯ ಲೂಯಿವಿಲ್ ಊರಿನ ಸಣ್ಣ ಕಂಪನಿಯಾಗ ಪಳಗಿದೋರು. ಈಗ್ಲೂ ಹೊಸಬರನ್ನ ಸೀದಾ ದೊಡ್ಡ ಸ್ಟೇಡಿಯಮ್ಮಿಗೆ ಬಿಡೂದಿಲ್ಲ, ಎನ್‌ಎಕ್ಸ್‌ಟಿ ಅಂತ ಬ್ಯಾರೇನ ಶೋ ಐತಿ, ಅಲ್ಲಿ ಮಾಗಿಸ್ತಾರ. ಜಪಾನಿನಾಗ ಇನ್ನೂ ಬಿಗಿ, ನ್ಯೂ ಜಪಾನ್ ಕಂಪನಿಯಾಗ ಹೊಸಬರಿಗೆ ಯಂಗ್ ಲಯನ್ ಅಂತಾರ, ಕರೀ ಚಡ್ಡಿ ಕರೀ ಬೂಟು, ಬಣ್ಣ ಇಲ್ಲ ವೇಷ ಇಲ್ಲ, ಅಲ್ಲೇ ಇದ್ದು ಕಸ ಹೊಡ್ದು ಅಡಿಗಿ ಮಾಡಿ ಹಿರೇರ ಕೆಲ್ಸ ಮಾಡ್ಕೊಂತ ಕಲೀಬೇಕು, ಮ್ಯಾಚಿನಾಗೂ ಸಾದಾ ಡಾವು ಅಷ್ಟ. ನಮ್ ಗರಡಿ ಪದ್ಧತೀನ ಅಲ್ಲೇನು ಇದು? ನಂಗ ಎಲ್ಲಕ್ಕಿಂತ ಇದ ಸೇರ್ತೈತಿ.

ಇನ್ನೊಂದು, ಮಾತು. ಮೈಕ್ ಹಿಡಿದು ಜನರನ್ನ ಕೆರಳಿಸಾಕ ಬರ್ಬೇಕು. ಒರ್ಲ್ಯಾಂಡೋದಾಗ ಹಳೇ ಕುಸ್ತಿಯಾಳು ಡಸ್ಟಿ ರೋಡ್ಸ್ 2015ರಾಗ ತೀರ್ಕೊಳ್ಳೋ ತನಕ ಹೊಸ ಹುಡುಗರಿಗೆ ಮಾತಾಡೋದನ್ನ ಕಲಿಸ್ದ. ನಿಂಗ ಅಷ್ಟು ದೂರ ಹೋಗೋ ಮೊದ್ಲು ನಮ್ ಬಳ್ಳಾರಿ ಕಡೆ ಬಯಲಾಟ ಐತಲ್ಲ, ಅಲ್ಲಿ ಹೋಗಿ ಒಂದು ರಾತ್ರಿ ಕುಂದ್ರು. ಭೀಮನ ವೇಷ ಹಾಕ್ದಾಂವ ಗದೆ ಹೆಗಲಿಗೇರಿಸಿ ಪರದೆ ಹಿಂದಿಂದ ಬರೋ ನಡಿಗಿ, ಹಲಗಿ ಒಡೆಯೋ ಹಂಗ ಕುಣಿಯೋದು, ದುರ್ಯೋಧನ ತೊಡಿಗೆ ಪೆಟ್ಟು ತಿಂದು ಬೀಳುವಾಗ ಮುದುಕೇರು ಸೆರಗು ಬಾಯಿಗೆ ಇಡೋದು, ಅಲ್ಲಿ ಯಾರಿಗೂ ನಿಜವಾಗ್ಲೂ ಪೆಟ್ಟು ಬೀಳಂಗಿಲ್ಲ ಆದ್ರ ಬೆಳತನಕ ಯಾರೂ ಎದ್ದು ಹೋಗಂಗಿಲ್ಲ. ಪ್ರೊ ರೆಸ್ಲಿಂಗ್ ಅಂದ್ರ ಗರಡಿ ಮತ್ತ ಬಯಲಾಟ ಎರಡೂ ಕೂಡಿದ್ದು ಅಂತ ನಾ ತಿಳ್ಕೊಂಡೀನಿ. ಟಿವಿ ಮಹಾಭಾರತದಾಗ ಭೀಮ ಆಗಿದ್ದ ಸೌರವ್ ಗುರ್ಜರ್ 2018ರಾಗ ಡಬ್ಲ್ಯುಡಬ್ಲ್ಯುಇ ಸೇರಿದ್ದು ಸುಮ್ನ ಅಲ್ಲ.

ದೇಶದಾಗ ಕಲಿಯಾಕ ಖಲಿ 2015ರಾಗ ಜಲಂಧರ್‌ನಾಗ ಶುರು ಮಾಡಿದ ಸಿಡಬ್ಲ್ಯುಇ ಅನ್ನೋ ಕುಸ್ತಿ ಶಾಲಿ ಐತಿ. ಎಲ್ಲೇ ಹೋಗು, ರೊಕ್ಕ ಕೊಡೋ ಮೊದ್ಲು ಒಂದು ದಿನ ನಿಂತು ನೋಡು, ಹೊಸಬರಿಗೆ ಮೊದ್ಲ ಬೀಳೋದು ಕಲಿಸ್ತಾರೋ ಇಲ್ಲ ಫೋಟೋ ತಗಸ್ತಾರೋ ಅಂತ. ಗರಡಿ ಮಾತ್ರ ಬಿಡಬ್ಯಾಡ. 1996ರ ಒಲಿಂಪಿಕ್ ಚಿನ್ನ ಗೆದ್ದ ಕರ್ಟ್ ಆ್ಯಂಗಲ್ ಈ ಕುಸ್ತಿಗೆ ಬಂದು ಒಂದೆರಡು ವರ್ಷದಾಗ ಮ್ಯಾಲೆ ಬಂದಿದ್ದು ಆ ಬುನಾದಿ ಇದ್ದದ್ದಕ್ಕ.

ಪ್ರಶ್ನೆ: ತೋರಣಗಲ್ಲಿನ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಾಗ ಈ ಪ್ರೊ ರೆಸ್ಲಿಂಗ್ ಕಲಿಸ್ತಾರಾ?
– ಸಂಡೂರು

ಉತ್ತರ: ಇಲ್ರಿ. ಅದು ಒಲಿಂಪಿಕ್ ಆಟಗಳಿಗೆ ಇರೋದು, ಅಲ್ಲಿ ಕಲಿಸೋದು ಮ್ಯಾಟ್ ಕುಸ್ತಿ, ಪಾಯಿಂಟ್ ಲೆಕ್ಕದ್ದು.

ಪ್ರಶ್ನೆ: ಹೆಣ್ಮಕ್ಳಿಗೆ ದಾರಿ ಐತೇನ್ರಿ? ನಾ ವೇಯ್ಟ್‌ಲಿಫ್ಟಿಂಗ್ ಮಾಡ್ತೀನಿ.
– ಲಿಂಗಸುಗೂರು

ಉತ್ತರ: ಐತಿ ತಂಗಿ, ಮತ್ತ ನಿನ್ನ ಆಟದಿಂದಾನ ಹೋದಾಕಿ ಒಬ್ಬಾಕಿ ಅದಾಳ. ಹರಿಯಾಣದ ಕವಿತಾ ದಲಾಲ್ 2016ರ ಸೌತ್ ಏಷ್ಯನ್ ಗೇಮ್ಸ್‌ನಾಗ ವೇಯ್ಟ್‌ಲಿಫ್ಟಿಂಗ್ ಚಿನ್ನ ಗೆದ್ದಾಕಿ, ಮದುವಿಯಾಗಿ ಮಗು ಆದ ಮ್ಯಾಲೆ ಜಲಂಧರಿಗೆ ಹೋಗಿ ಕಲ್ತು, 2017ರಾಗ ಸಲ್ವಾರ್ ಕಮೀಜ್ ಹಾಕ್ಕೊಂಡ ಡಬ್ಲ್ಯುಡಬ್ಲ್ಯುಇ ರಿಂಗಿಗೆ ಇಳಿದ್ಲು, ಭಾರತದ ಮೊದಲನೇ ಹೆಣ್ಮಗಳು. ಅವತ್ತು ಸೋತ್ಲು, ಆದ್ರೂ ಕಂಪನಿಯೋರು ಆಕೀನ್ನ ತಗೊಂಡ್ರು. ನಿಂಗ ಬಲ ಐತಿ, ಉರುಳೋದು ಬೀಳೋದು ಕಲಿಸೋರು ಬೇಕು. ಹತ್ತಿರ ಜೂಡೋ ಕ್ಲಾಸ್ ಇದ್ರ ಅಲ್ಲಿಂದ ಶುರು ಮಾಡು, ಅವ್ರೂ ಮೊದ್ಲು ಬೀಳೋದ ಕಲಿಸ್ತಾರ.

ಪ್ರಶ್ನೆ: ನಮ್ ಮಗ 12 ವರ್ಷದಾಂವ, ಟಿವಿ ನೋಡಿ ತಂಗೀನ್ನ ಎತ್ತಿ ಮಂಚದ ಮ್ಯಾಲೆ ಒಗೀತಾನ. ಬೈದ್ರೂ ಕೇಳೂದಿಲ್ಲ.
– ಸಿಂಧನೂರಿನ ತಾಯಿ

ಉತ್ತರ: ಅಕ್ಕಾರ, ಇವತ್ತ ನಿಲ್ಲಸ್ರಿ. ನಾ ಹದಿನಾರು ವರ್ಷದಾಂವ ಇದ್ದಾಗ ತುಂಗಭದ್ರಾ ದಂಡಿ ಉಸುಕಿನಾಗ ಗೆಳೆಯಾನ್ನ ತಲಿಕೆಳಗ ಎತ್ತಿದ್ದೆ, ಉಸುಕು ಐತಿ ಏನಾಗಂಗಿಲ್ಲ ಅಂತ. ಕೈ ಜಾರಿತು. ಅವ ಮೂರು ತಿಂಗಳು ಕುತ್ತಿಗಿ ಪಟ್ಟಿ ಹಾಕ್ಕೊಂಡು ಅಡ್ಡಾಡಿದ, ದಿನಾ ಸಂಜಿಕೆ ಅವರ ಮನಿ ಕಟ್ಟಿಗೆ ಹೋಗಿ ಕುಂತು ಬರ್ತಿದ್ದೆ, ಅವರವ್ವ ಒಂದ್ ದಿನಾನೂ ಬೈಲಿಲ್ಲ, ಚಾ ಕೊಡ್ತಿದ್ಲು, ಅದು ಇವತ್ತಿಗೂ ಎದಿಯಾಗ ಚುಚ್ಚತೈತಿ. ಬರೇ ಬೈದ್ರ ಹುಡುಗ ನೀವಿಲ್ಲದಾಗ ಮಾಡ್ತಾನ. ಆಸೆ ಕೆಟ್ಟದ್ದಲ್ಲ, ಜಾಗ ತಪ್ಪೈತಿ. ಊರ ಗರಡಿಗೆ ಹಚ್ರಿ, ಉಸ್ತಾದ್ರ ಕೈಯಾಗ ದಂಡ ಬೈಠಕ್ ಮಾಡ್ಲಿ. ರೊಕ್ಕ ಭಾಳ ಹೋಗಂಗಿಲ್ಲ, ನಸುಕಿನಾಗ ಐದಕ್ಕ ಎಬ್ಬಿಸಿ ಕಳಸೋದಷ್ಟ ನಿಮ್ ಕೆಲ್ಸ.