ಉಡುಪಿಯಿಂದ ಮಂಗಳೂರಿಗೆ ಬೈಕಲ್ಲಿ ಬಂದರೂ ದಾರಿ ನೆನಪೇ ಇರಲ್ಲ. ಆಗ ನನಗೆ ಪ್ರಜ್ಞೆ ಇರಲಿಲ್ಲವಾ? ಧ್ಯಾನದಿಂದ ಇದು ಬದಲಾಗುತ್ತಾ?

ಪ್ರಜ್ಞೆ ಇತ್ತು, ಆದರೆ ಅದರ ತುಂಬ ಇದ್ದದ್ದು ದಾರಿಯಲ್ಲ, ನಿಮ್ಮ ಯೋಚನೆ. ರೂಢಿಯಾದ ಕೆಲಸವನ್ನು ಮೆದುಳು ಹೆಚ್ಚು ಗಮನ ಬೇಡದೆಯೇ ಮಾಡುತ್ತದೆ. ಪಡುಬಿದ್ರಿಯಲ್ಲಿ ಮುಂದಿನ ಬಸ್ಸು ನಿಂತರೆ ಕೈ ತಾನೇ ಬ್ರೇಕ್ ಹಿಡಿಯುತ್ತದೆ, ಮನಸ್ಸು ಮಾತ್ರ ನಿನ್ನೆ ಯಾರೋ ಆಡಿದ ಮಾತಿನ ಹಿಂದೆ ಹೋಗಿರುತ್ತದೆ. ಗಮನ ಕೊಡದೇ ಇದ್ದದ್ದು ನೆನಪಲ್ಲಿ ಉಳಿಯುವುದು ಕಡಿಮೆ, ಹಾಗಾಗಿ ಮುಲ್ಕಿ ಸೇತುವೆ ದಾಟಿದ್ದೇ ಗೊತ್ತಿರುವುದಿಲ್ಲ.

ಇದು ನಿಮಗೊಬ್ಬರಿಗೇ ಅಲ್ಲ. 2010ರ ಹಾರ್ವರ್ಡ್ ಅಧ್ಯಯನದಲ್ಲಿ ಜನರ ಮನಸ್ಸು ಎಚ್ಚರವಿದ್ದ ಹೊತ್ತಿನ ಸುಮಾರು 47% ಹೀಗೇ ಅಲೆಯುತ್ತಿತ್ತು.

ಧ್ಯಾನ ಯೋಚನೆಯನ್ನು ನಿಲ್ಲಿಸುವುದಿಲ್ಲ. ನಿಲ್ಲಬೇಕು ಅಂದುಕೊಂಡೇ ಎಷ್ಟೋ ಜನ ಎರಡು ದಿನ ಕೂತು ಬಿಟ್ಟುಬಿಡುತ್ತಾರೆ, ಅದು ನಿಜಕ್ಕೂ ಬೇಸರದ ಸಂಗತಿ. ಸುಮ್ನೆ ಕೂತು ಮೂಗಿನ ತುದಿಯಲ್ಲಿ ಉಸಿರು ಬಂದುಹೋಗುವುದನ್ನು ನೋಡುತ್ತೀರಿ, ಸ್ವಲ್ಪ ಹೊತ್ತಿಗೆ ಗಮನ ಜಾರುತ್ತದೆ, ಜಾರಿತು ಅಂತ ಆಮೇಲೆ ನಿಮಗೇ ಗೊತ್ತಾಗುತ್ತದೆ. ಹಾಗೆ ಗೊತ್ತಾಗಿ ವಾಪಸ್ ಬರುವುದೇ ಅಭ್ಯಾಸ. ಮಾಡುತ್ತಾ ಹೋದಂತೆ ಜಾರಿದ್ದು ಬೇಗ ಗೊತ್ತಾಗತೊಡಗುತ್ತದೆ. ಬೈಕಲ್ಲಿದ್ದಾಗ ಮಾತ್ರ ಉಸಿರಿನ ಗೊಡವೆ ಬೇಡ, ಗಮನ ರಸ್ತೆಗೇ ವಾಪಸ್ ಬರಲಿ.