ಸಾಣೆಕಲ್ಲು ಎಲ್ಲಿಂದ ಬಂತು?

ಪ್ರಶ್ನೆ: ಮಧ್ಯಯುಗದ ಊರುಗಳನ್ನು ಅಗೆಯುವಾಗ ಸಾಣೆಕಲ್ಲು ಸಿಕ್ಕರೆ ಸಂಶೋಧಕರಿಗೆ ಯಾಕಷ್ಟು ಖುಷಿ? ಅದು ಸುಮ್ನೆ ಒಂದು ಕಲ್ಲು ಅಲ್ವಾ?

ಉತ್ತರ: ಕಲ್ಲೇ, ಆದರೆ ಅದರ ಹುಟ್ಟೂರು ಪತ್ತೆ ಮಾಡಬಹುದು. ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರೊಳಗಿನ ಖನಿಜಗಳು ಯಾವ ಗಣಿಯದ್ದು ಎಂಬ ಸುಳಿವು ಕೊಡುತ್ತವೆ. ನಾರ್ವೆಯ ಟೆಲೆಮಾರ್ಕ್ ಪ್ರದೇಶದ ಐಡ್ಸ್‌ಬೋರ್ಗ್‌ನ ನಯವಾದ ತಿಳಿಬೂದು ಕಲ್ಲು ಸಮುದ್ರ ದಾಟಿ ಇಂಗ್ಲೆಂಡಿನ ಯಾರ್ಕ್‌ವರೆಗೂ ಹೋಗಿತ್ತು, ಅಂದರೆ ದುಬಾರಿ ಒಡವೆಗಳಷ್ಟೇ ಅಲ್ಲ, ದಿನಬಳಕೆಯ ಇಂಥ ಭಾರದ ಸರಕೂ ಹಡಗು ಹತ್ತುತ್ತಿತ್ತು! ನಾರ್ವೆಯ ಕ್ಲೋಸ್ಟಾಡ್‌ನಲ್ಲಿ ಸಿಕ್ಕ, ವೈಕಿಂಗ್ (ಉತ್ತರ ಯುರೋಪಿನ ಹಳೇ ಕಡಲಯಾನಿಗಳು) ಕಾಲದ ಮುಳುಗಿದ ಹಡಗಿನಲ್ಲೂ ಸಾಣೆಕಲ್ಲುಗಳಿದ್ದವು.

ಸವೆತ ನನಗೆ ಇನ್ನೂ ಇಷ್ಟ. ನಡುವೆ ತೆಳುವಾಗಿದ್ದರೆ ಜಾಸ್ತಿ ಬಳಸಿದ್ದಾರೆ. ಸಣ್ಣ ಗೀರುಗಳಿದ್ದರೆ ಸೂಜಿಯಂಥ ಚೂಪು ಮೊನೆ ಉಜ್ಜಿರಬಹುದು. ತುದಿಯಲ್ಲಿ ತೂತಿದ್ದರೆ ಸೊಂಟಪಟ್ಟಿಗೆ ನೇತುಹಾಕಿಕೊಳ್ಳುತ್ತಿದ್ದರು.