ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಮಗುವಿಗೆ ಕೌಂಟಿ ಆಫೀಸಿನಿಂದ ಸರ್ಟಿಫೈಡ್ ಬರ್ತ್ ಸರ್ಟಿಫಿಕೇಟ್ ತೆಗೆದುಕೊಳ್ಳುವುದು ಹೇಗೆ?

ಮಗಳು ಹುಟ್ಟಿದ್ದಕ್ಕೆ ಮೊದಲು ಅಭಿನಂದನೆ. ಹೆರಿಗೆ ಪಾಲೋ ಆಲ್ಟೋದ ಆಸ್ಪತ್ರೆಯಲ್ಲಿ ಆಯಿತು, ಮನೆ ಫ್ರೀಮಾಂಟ್‌ನಲ್ಲಿದೆ, ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋಗಬೇಕು, ಆಸ್ಪತ್ರೆಯವರು ಕೊಟ್ಟ ಪುಟ್ಟ ಪಾದದ ಗುರುತಿರುವ ಸರ್ಟಿಫಿಕೇಟ್ ಸಾಕಾ ಅಂತ ಕೇಳಿದ್ದೀರಿ. ಯಜಮಾನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ ಅಂತಲೂ ಬರೆದಿದ್ದೀರಿ. ನನ್ನ ಮಕ್ಕಳೂ ಸಾಂಟಾ ಕ್ಲಾರಾ ಕೌಂಟಿಯಲ್ಲೇ ಹುಟ್ಟಿದವರು, ಹಾಗಾಗಿ ಈ ದಾರಿ ನನಗೆ ಗೊತ್ತು.

ಸಾಕಾಗಲ್ಲ. ಪಾದದ ಗುರುತಿನ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಆದರೆ ಪ್ರಯಾಣಕ್ಕೆ ಬೇಕಾದ ಮಗಳ ಅಮೆರಿಕನ್ ಪಾಸ್‌ಪೋರ್ಟಿಗೆ ಅದು ನಡೆಯಲ್ಲ. ಸರ್ಕಾರಿ ದಾಖಲೆ ಬೇರೆ. ಆಸ್ಪತ್ರೆಯವರು ನಿಮ್ಮಿಂದ ವಿವರ ಬರೆಸಿಕೊಂಡು ಜನನವನ್ನು ನೋಂದಾಯಿಸಿರುತ್ತಾರೆ. ಅದರ ಪ್ರತಿ ತಾನಾಗಿ ಮನೆಗೆ ಬರುತ್ತದೆ ಅಂತ ಕಾಯುತ್ತಾ ಕೂತುಕೊಳ್ಳಬೇಡಿ. ನೀವೇ ಅರ್ಜಿ ಹಾಕಿ, ದುಡ್ಡು ಕಟ್ಟಿ ತೆಗೆದುಕೊಳ್ಳಬೇಕು.

ಯಾವ ಕೌಂಟಿ? ಮಗು ಹುಟ್ಟಿದ ಕೌಂಟಿ, ನೀವು ವಾಸ ಇರುವ ಕೌಂಟಿ ಅಲ್ಲ. ಫ್ರೀಮಾಂಟ್ ಇರುವುದು ಅಲಮೀಡಾ ಕೌಂಟಿಯಲ್ಲಿ. ಅಲ್ಲಿನ ಆಫೀಸಿನಲ್ಲಿ ಎಷ್ಟು ಹೊತ್ತು ಕಾದರೂ ನಿಮ್ಮ ಮಗಳ ದಾಖಲೆ ಸಿಗಲ್ಲ. ಪಾಲೋ ಆಲ್ಟೋ ಸಾಂಟಾ ಕ್ಲಾರಾ ಕೌಂಟಿಗೆ ಸೇರಿದ್ದು, ಆದ್ದರಿಂದ ಆ ಕೌಂಟಿಯ ಆಫೀಸಿರುವ ಸ್ಯಾನ್ ಹೋಸೆಗೆ ಹೋಗಬೇಕು. ಇನ್ನೊಂದು ವಿಷಯ. ಕ್ಯಾಲಿಫೋರ್ನಿಯಾದ ಎಷ್ಟೋ ಕೌಂಟಿಗಳಲ್ಲಿ ಹೊಸದಾಗಿ ಹುಟ್ಟಿದ ಮಕ್ಕಳ ದಾಖಲೆ ಮೊದಲು ಪಬ್ಲಿಕ್ ಹೆಲ್ತ್ ಡಿಪಾರ್ಟ್‌ಮೆಂಟ್ ಹತ್ತಿರ ಇರುತ್ತದೆ. ಆಮೇಲೆ ಕ್ಲರ್ಕ್-ರೆಕಾರ್ಡರ್ ಆಫೀಸಿನಲ್ಲಿ ಸಿಗುತ್ತದೆ. ಮಗುವಿನ ಜನ್ಮದಿನಾಂಕ ಹೇಳಿ, ಯಾವ ಕಿಟಕಿಗೆ ಬರಬೇಕು ಅಂತ ಫೋನಿನಲ್ಲೇ ಕೇಳಿಕೊಂಡು ಹೊರಡಿ. ರಾಜ್ಯದ ಸ್ಯಾಕ್ರಮೆಂಟೊ ಆಫೀಸಿಗೂ ಅರ್ಜಿ ಹಾಕಬಹುದು, ಆದರೆ ಅಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಕೌಂಟಿಗೆ ನೇರವಾಗಿ ಹೋದರೆ ಸಾಮಾನ್ಯವಾಗಿ ಅವತ್ತೇ ಕೈಗೆ ಬರುತ್ತದೆ.

ಅರ್ಜಿಯಲ್ಲಿ ಎರಡು ಆಯ್ಕೆ ಇರುತ್ತದೆ, ಇಲ್ಲಿ ಹುಷಾರಾಗಿರಿ. ಒಂದು 'ಆಥರೈಸ್ಡ್ ಕಾಪಿ', ಇನ್ನೊಂದು 'ಇನ್ಫರ್ಮೇಷನಲ್ ಕಾಪಿ'. ಎರಡೂ ಸರ್ಟಿಫೈಡ್ ಪ್ರತಿಗಳೇ, ಎರಡಕ್ಕೂ ಶುಲ್ಕ ಒಂದೇ, ಪ್ರತಿಗೆ 30 ಡಾಲರ್ ಆಸುಪಾಸು. ಆದರೆ ಎರಡನೆಯದರ ಮೇಲೆ ಗುರುತು ಸಾಬೀತುಪಡಿಸಲು ಇದು ನಡೆಯುವುದಿಲ್ಲ ಅಂತ ಅಚ್ಚಾಗಿರುತ್ತದೆ. ನಿಮಗೆ ಬೇಕಾದದ್ದು ಆಥರೈಸ್ಡ್. ಅದು ತಂದೆ ತಾಯಿ, ಅಜ್ಜ ಅಜ್ಜಿ, ಒಡಹುಟ್ಟಿದವರಂಥ ಹತ್ತಿರದವರಿಗೆ ಮಾತ್ರ ಸಿಗುತ್ತದೆ. ಅದಕ್ಕಾಗಿ, ನಾನು ಮಗುವಿಗೆ ಇಂಥ ಸಂಬಂಧಿ ಅಂತ ಪ್ರಮಾಣ ಮಾಡಿ ಹೇಳುವ ಪತ್ರವೊಂದಕ್ಕೆ ಸಹಿ ಹಾಕಬೇಕು. ಮೊದಲೇ ಸಹಿ ಮಾಡಿಟ್ಟುಕೊಂಡು ಹೋಗಬೇಡಿ, ಕೌಂಟರಿನಲ್ಲಿ ಫೋಟೋ ಐಡಿ ತೋರಿಸಿ ಅವರೆದುರೇ ಹಾಕಿ. ಅಂಚೆಯಲ್ಲಿ ಕಳಿಸುವುದಾದರೆ ಅದೇ ಪತ್ರಕ್ಕೆ ನೋಟರಿ ಬೇಕು. ಆನ್‌ಲೈನ್ ಅಂತ ಗೂಗಲ್‌ನಲ್ಲಿ ಮೊದಲು ಕಂಡ ಜಾಹೀರಾತು ಒತ್ತಬೇಡಿ, ಸುಮ್ನೆ ಜಾಸ್ತಿ ದುಡ್ಡು ಹೋಗುತ್ತದೆ. ಕೌಂಟಿಯ ಸ್ವಂತ ವೆಬ್‌ಸೈಟಿನಿಂದಲೇ ಹೋಗಿ.

ಈಗ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ವಿಷಯಕ್ಕೆ ಬರುತ್ತೇನೆ: ಹೆಸರುಗಳು. ಕಾಗದ ಸಿಗುವುದು ಕಷ್ಟ ಅಲ್ಲ. ಅದರೊಳಗೆ ಏನು ಬರೆದಿದೆ ಅನ್ನುವುದರಲ್ಲೇ ನಮ್ಮವರು ಸಿಕ್ಕಿಹಾಕಿಕೊಳ್ಳುವುದು. ಇಲ್ಲಿನ ಫಾರ್ಮ್ ಫಸ್ಟ್, ಮಿಡ್ಲ್, ಲಾಸ್ಟ್ ಅಂತ ಮೂರು ಮನೆ ಮಾಡಿಕೊಂಡಿದೆ. ನಮ್ಮಲ್ಲಿ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್‌ನಲ್ಲಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಹಾಕುತ್ತಾರೆ. ಅದೇ ಡ್ರೈವಿಂಗ್ ಲೈಸೆನ್ಸಿಗೆ ಹೋಗಿ, ಅಲ್ಲಿಂದ ಆಸ್ಪತ್ರೆಯ ಫಾರ್ಮಿಗೆ ಇಳಿದರೆ, ಮಗಳ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರೇ 'ಎಫ್‌ಎನ್‌ಯು' ಆಗಿಬಿಡುತ್ತದೆ. ತಾಯಿಯದು ಇನ್ನೊಂದು ಥರ. ಇಲ್ಲಿ ಕೇಳುವುದು ನಿಮ್ಮ ಹುಟ್ಟುಹೆಸರು, ಮದುವೆಯ ನಂತರದ್ದಲ್ಲ. ನಿಮ್ಮ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿದ್ದರೆ ಎರಡೂ ಹೊಂದುವುದಿಲ್ಲ. ಹಾಗಾಗಿ ಮದುವೆ ಸರ್ಟಿಫಿಕೇಟನ್ನು ಇದರ ಜೊತೆಯಲ್ಲೇ ಇಟ್ಟುಕೊಳ್ಳಿ.

ಆದ್ದರಿಂದ ಕೌಂಟರಿನಲ್ಲಿ ಪ್ರತಿ ಕೈಗೆ ಬಂದ ತಕ್ಷಣ ಬ್ಯಾಗಿಗೆ ಹಾಕಬೇಡಿ. ಇಬ್ಬರ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದು ಅಕ್ಷರ ಓದಿ. 'ಗೌಡ' ಇಂಗ್ಲಿಷಿನಲ್ಲಿ ಡಬ್ಲ್ಯೂ ಹಾಕಿಯೂ ಬರುತ್ತದೆ, ಯು ಹಾಕಿಯೂ ಬರುತ್ತದೆ. 'ಲಕ್ಷ್ಮಿ'ಗೆ ಎಷ್ಟು ಸ್ಪೆಲ್ಲಿಂಗ್ ಇದೆ ಅಂತ ನಿಮಗೇ ಗೊತ್ತು. ತಪ್ಪಿದ್ದರೆ 'ವಿಎಸ್ 24' ಅನ್ನುವ ಫಾರ್ಮ್ ತುಂಬಿ, ವಿಷಯ ಗೊತ್ತಿರುವ ಇಬ್ಬರು ಸಹಿ ಹಾಕಿ ರಾಜ್ಯಕ್ಕೆ ಕಳಿಸಬೇಕು. ಆದರೆ ಹಳೆಯ ಹಾಳೆ ಅಳಿಸಿಹೋಗುವುದಿಲ್ಲ, ತಿದ್ದುಪಡಿ ಎರಡನೇ ಹಾಳೆಯಾಗಿ ಅದಕ್ಕೆ ಸೇರಿಕೊಳ್ಳುತ್ತದೆ. ಮಗಳ ಸರ್ಟಿಫಿಕೇಟ್ ಜೀವನಪೂರ್ತಿ ಎರಡು ಹಾಳೆ.

ನಾಮಕರಣ ಆಗದೆ ಹೆಸರು ಹೇಗೆ ಬರೆಸುವುದು ಅಂತ ಆಸ್ಪತ್ರೆಯಲ್ಲಿ ಮನೆಯ ಹಿರಿಯರು ಹಿಂಜರಿಯುವುದುಂಟು. ಹಾಗೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದರೂ ಗಾಬರಿ ಬೇಡ. ಕೋರ್ಟಿಗೆ ಹೋಗದೆ 'ವಿಎಸ್ 107' ಫಾರ್ಮಿನಲ್ಲಿ ಆಮೇಲೆ ಸೇರಿಸಬಹುದು. ಊರಿನಲ್ಲೂ ಹೆಸರಿಲ್ಲದೆ ಜನನ ನೋಂದಾಯಿಸಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸುವ ಅವಕಾಶ ಇದೆ, ಅಲ್ವಾ? ಆದರೆ ಪಾಸ್‌ಪೋರ್ಟ್ ಅರ್ಜಿಗೆ ಮೊದಲು ಹೆಸರು ಸೇರಿಸಿದ ಪ್ರತಿ ನಿಮ್ಮ ಕೈಯಲ್ಲಿರಬೇಕು.

ಎಷ್ಟು ಪ್ರತಿ? ನಾನಾದರೆ ಮೂರು ತೆಗೆದುಕೊಳ್ಳುತ್ತೇನೆ. ಪಾಸ್‌ಪೋರ್ಟಿನ ಡಿಎಸ್-11 ಅರ್ಜಿಯ ಜೊತೆ ಅಸಲು ಪ್ರತಿ ಹೋಗುತ್ತದೆ. ಅದು ವಾಪಸ್ ಬರುತ್ತದೆ, ಆದರೆ ಪಾಸ್‌ಪೋರ್ಟಿನ ಜೊತೆಗಲ್ಲದೆ ಬೇರೆ ಕವರಿನಲ್ಲಿ ಬರಬಹುದು. ಅದು ಅಲ್ಲಿರುವಾಗ ಇನ್ನೊಂದು ಕೆಲಸಕ್ಕೆ ನಿಮಗೆ ಬೇರೆ ಪ್ರತಿ ಬೇಕೇ ಬೇಕಾಗುತ್ತದೆ. ಅರ್ಜಿ ಕೊಡಲು ಇಬ್ಬರೂ ಹೋಗಿ, ಇಲ್ಲವಾದರೆ ಬರದವರ ಒಪ್ಪಿಗೆ ಡಿಎಸ್-3053ರಲ್ಲಿ ನೋಟರಿ ಆಗಿರಬೇಕು. ಡಿಸೆಂಬರಿಗೆ ಓಸಿಐ (ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಬರುತ್ತೋ ಇಲ್ಲವೋ ಅನ್ನುವ ಚಿಂತೆಯಲ್ಲಿ ಟಿಕೆಟ್ ತಡ ಮಾಡಬೇಡಿ. ಮಗಳ ಅಮೆರಿಕನ್ ಪಾಸ್‌ಪೋರ್ಟ್ ಬಂದ ಮೇಲೆ ಮೊದಲ ಸಲ ಇ-ವೀಸಾದಲ್ಲಿ ಹೋಗಿಬರಬಹುದು.

ಮುಂದೆ ಊರಿಗೇ ವಾಪಸ್ ಹೋಗುವ ಯೋಚನೆ ಇದ್ದರೆ ಒಂದು ಪ್ರತಿಗೆ ಅಪಾಸ್ಟಿಲ್, ಅಂದರೆ ದಾಖಲೆ ಬೇರೆ ದೇಶದಲ್ಲೂ ನಡೆಯಲು ಬೇಕಾದ ಸರ್ಕಾರಿ ದೃಢೀಕರಣ, ಮಾಡಿಸಿಡಿ. ಅದನ್ನು ಕೊಡುವುದು ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್, ಶುಲ್ಕ 20 ಡಾಲರ್, ನೇರವಾಗಿ ಹೋದರೆ ಇನ್ನು ಸ್ವಲ್ಪ ಜಾಸ್ತಿ. ಇದಕ್ಕೆ ಕ್ಲರ್ಕ್-ರೆಕಾರ್ಡರ್ ಸಹಿ ಇರುವ ಪ್ರತಿಯೇ ಒಳ್ಳೆಯದು. ಹೆಲ್ತ್ ಆಫೀಸರ್ ಸಹಿ ಇರುವ ಪ್ರತಿಗೆ ಮೊದಲು ಕೌಂಟಿ ಕ್ಲರ್ಕ್‌ನಿಂದ ಇನ್ನೊಂದು ದೃಢೀಕರಣ ಬೇಕಾಗುತ್ತದೆ.

ಮತ್ತೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ನಮಗೆಲ್ಲ ಮಾರ್ಕ್ಸ್‌ಕಾರ್ಡಿನ ಕಾಲದಿಂದಲೂ ಅದೇ ಅಭ್ಯಾಸ. ಆದರೆ ಈ ಕಾಗದದ ಅಂಚಿನ ಮೇಲೆ ಬೆರಳಾಡಿಸಿದರೆ ಉಬ್ಬಿದ ಮುದ್ರಣ ಕೈಗೆ ಸಿಗುತ್ತದೆ, ಅಸಲಿಯೋ ನಕಲಿಯೋ ಅಂತ ನೋಡುವುದೇ ಅದರಲ್ಲಿ. ಪ್ಲಾಸ್ಟಿಕ್ ಹಾಕಿದರೆ ಅದು ಮುಚ್ಚಿಹೋಗುತ್ತದೆ. ಸಾದಾ ಫೋಲ್ಡರಿನಲ್ಲಿ ಮಡಚದೆ ಇಡಿ, ಸಾಕು.